ಪ್ರವಾಹ ಕಾಲದಲ್ಲಿ ಕುಟುಂಬದ ದೈನಂದಿನ ಜೀವನ: ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ನಾಗರಿಕರಿಗೆ ಮಾಹಿತಿ

1. ಪೀಠಿಕೆ

ವಿಜಯಪುರ ಜಿಲ್ಲೆಯು ಬರಪೀಡಿತ ಜಿಲ್ಲೆಯೆಂದೇ ಪರಿಚಿತವಾಗಿದೆ. ಆದಾಗ್ಯೂ ಭೀಮಾ, ಕೃಷ್ಣಾ ಮತ್ತು ಡೋಣಿ ನದಿಗಳ ದಂಡೆಯ ಗ್ರಾಮಗಳು 2009, 2019, 2020 ಹಾಗೂ 2025ರಲ್ಲಿ ಪ್ರವಾಹದ ಹಾನಿಯನ್ನು ಅನುಭವಿಸಿವೆ. ಬರವು ತಿಂಗಳುಗಟ್ಟಲೆ ಮುನ್ಸೂಚನೆ ನೀಡಿ ಬರುತ್ತದೆ. ಪ್ರವಾಹವು ಒಂದೆರಡು ದಿನಗಳಲ್ಲಿ ಬಂದು ಮನೆ, ಬೆಳೆ, ಜಾನುವಾರು ಮತ್ತು ದಾಖಲೆಪತ್ರಗಳನ್ನು ಒಟ್ಟಿಗೇ ಕೊಂಡೊಯ್ಯುತ್ತದೆ.

ಪ್ರವಾಹ ಸಂದರ್ಭದಲ್ಲಿ ಒಂದು ಕುಟುಂಬವು ಮನೆಯಿಂದ ಹೊರಡುವುದು, ಕಾಳಜಿ ಕೇಂದ್ರದಲ್ಲಿ ತಂಗುವುದು, ಮರಳಿ ಬಂದು ಮನೆಯನ್ನು ಶುಚಿಗೊಳಿಸುವುದು ಮತ್ತು ಪರಿಹಾರಕ್ಕಾಗಿ ದಾಖಲೆ ಒದಗಿಸುವುದು ಹೇಗೆ ಎಂಬುದನ್ನು ಈ ಪುಟದಲ್ಲಿ ಕ್ರಮವಾಗಿ ವಿವರಿಸಲಾಗಿದೆ. ಸಾರ್ವಜನಿಕರು ಮುಖ್ಯವಾಗಿ ಗಮನಿಸಬೇಕಾದ ಅಂಶವೇನೆಂದರೆ, ಈ ಭಾಗದ ದೊಡ್ಡ ಪ್ರವಾಹಗಳಲ್ಲಿ ಹೆಚ್ಚಿನವು ಮೇಲ್ಭಾಗದಿಂದ ಹರಿದು ಬಂದ ನೀರಿನಿಂದ ಉಂಟಾದವು. ಊರಿನಲ್ಲಿ ಬಿಸಿಲಿದ್ದರೂ ನದಿ ಏರಬಹುದು. ಆದ್ದರಿಂದ ಆಕಾಶವನ್ನು ನೋಡಿ ಅಲ್ಲ, ಜಲಾಶಯದ ಹೊರಹರಿವಿನ ಪ್ರಕಟಣೆಯನ್ನು ನೋಡಿ ನಿರ್ಧಾರ ಕೈಗೊಳ್ಳತಕ್ಕದ್ದು. ಹಾಗೆ ದೊರೆಯುವ ಕೆಲವು ಗಂಟೆಗಳ ಕಾಲಾವಕಾಶವನ್ನು ಯಾವ ಕ್ರಮದಲ್ಲಿ ಬಳಸಲಾಗುತ್ತದೆ ಎಂಬುದರ ಮೇಲೆ ಕುಟುಂಬದ ಮುಂದಿನ ಒಂದು ವರ್ಷದ ಸ್ಥಿತಿ ಅವಲಂಬಿಸಿರುತ್ತದೆ.

2. ಈ ಭಾಗದ ಪ್ರವಾಹಗಳ ಸ್ವರೂಪ

ಅ) ಭೀಮಾ ನದಿ: ಈ ನದಿಯು ಮಹಾರಾಷ್ಟ್ರದ ಪುಣೆ ಹಾಗೂ ಸೊಲ್ಲಾಪುರ ಜಿಲ್ಲೆಗಳನ್ನು ದಾಟಿ ಚಡಚಣ, ಇಂಡಿ, ಆಲಮೇಲ ಮತ್ತು ಸಿಂದಗಿ ಭಾಗದ ಗಡಿಯಲ್ಲಿ ಹರಿಯುತ್ತದೆ. ಉಜನಿ ಜಲಾಶಯದ ಹೊರಹರಿವು, ನೀರಾ ನದಿಯ ವೀರ ಜಲಾಶಯದ ಹೊರಹರಿವು ಮತ್ತು ಗಡಿಯ ಸಮೀಪ ಭೀಮೆಯನ್ನು ಸೇರುವ ಸೀನಾ ನದಿಯ ನೀರು ಒಂದೇ ಸಮಯಕ್ಕೆ ಕೂಡಿದಾಗ ಇಲ್ಲಿ ಪ್ರವಾಹ ಉಂಟಾಗುತ್ತದೆ. ಅಕ್ಟೋಬರ್ 2020ರಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವು ಅಕ್ಟೋಬರ್ 13ರಂದು ಆಂಧ್ರದ ಕರಾವಳಿಯನ್ನು ದಾಟಿ ಪಶ್ಚಿಮಕ್ಕೆ ಸಾಗಿದಾಗ ಭಾರಿ ಮಳೆಯಾಗಿ, ಜಲಾಶಯಗಳಿಂದ ಬಿಟ್ಟ ನೀರು ನದಿ ದಂಡೆಯ ಗ್ರಾಮಗಳನ್ನು ಆವರಿಸಿತು. ಸೆಪ್ಟೆಂಬರ್ 2025ರ ಕೊನೆಯಲ್ಲಿ ಸೀನಾ ಮತ್ತು ಭೀಮಾ ನದಿಗಳು ಒಟ್ಟಿಗೆ ಉಕ್ಕಿ ಇದೇ ಪರಿಸ್ಥಿತಿ ಮರುಕಳಿಸಿತು.

ಆ) ಕೃಷ್ಣಾ ನದಿ: ಆಲಮಟ್ಟಿಯ ಲಾಲ್ ಬಹದ್ದೂರ್ ಶಾಸ್ತ್ರಿ ಸಾಗರದ ಗರಿಷ್ಠ ಮಟ್ಟ 519.60 ಮೀಟರ್, ಸಂಗ್ರಹ ಸಾಮರ್ಥ್ಯ 123.08 ಟಿ.ಎಂ.ಸಿ. ಅದರ ಕೆಳಗಿನ ನಾರಾಯಣಪುರದ ಬಸವಸಾಗರದ ಗರಿಷ್ಠ ಮಟ್ಟ 492.25 ಮೀಟರ್. ಬಸವನ ಬಾಗೇವಾಡಿ, ನಿಡಗುಂದಿ, ಕೊಲ್ಹಾರ ಮತ್ತು ಮುದ್ದೇಬಿಹಾಳ ಭಾಗದ ನದಿ ತೀರದ ಗ್ರಾಮಗಳು ಈ ಎರಡು ಜಲಾಶಯಗಳ ಹಿನ್ನೀರು ಹಾಗೂ ಹೊರಹರಿವಿಗೆ ಒಳಪಟ್ಟಿವೆ. ಆಗಸ್ಟ್ 2019ರಲ್ಲಿ ಪಶ್ಚಿಮಘಟ್ಟದ ಮಳೆಯಿಂದ ಕೃಷ್ಣಾ, ಘಟಪ್ರಭಾ ಮತ್ತು ಮಲಪ್ರಭಾ ನದಿಗಳು ಒಟ್ಟಿಗೆ ತುಂಬಿ ಹರಿದವು.

ಇ) ಡೋಣಿ ನದಿ ಹಾಗೂ ಹಳ್ಳಗಳು: ಡೋಣಿಗೆ ದೊಡ್ಡ ಜಲಾಶಯದ ತಡೆ ಇಲ್ಲ. ಹೂಳು ತುಂಬಿದ ಪಾತ್ರದಿಂದಾಗಿ ಸ್ಥಳೀಯ ಮಳೆಗೆ ಕೆಲವೇ ಗಂಟೆಗಳಲ್ಲಿ ಉಕ್ಕಿ ತಾಳಿಕೋಟೆ ಮತ್ತು ಬಸವನ ಬಾಗೇವಾಡಿ ಭಾಗದ ತಗ್ಗು ಸೇತುವೆಗಳನ್ನು ಮುಳುಗಿಸುತ್ತದೆ. ಎರೆ ಭೂಮಿಯು ಒಮ್ಮೆ ನೀರು ಕುಡಿದು ಉಬ್ಬಿದ ಮೇಲೆ ಮತ್ತೆ ಬಿದ್ದ ಮಳೆಯೆಲ್ಲ ಹಳ್ಳಕ್ಕೇ ಹರಿಯುತ್ತದೆ. ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ 2009ರ ಆರಂಭದ ಅತಿವೃಷ್ಟಿಯು ಈ ಬಗೆಯದ್ದಾಗಿತ್ತು. ಮಣ್ಣಿನ ಮಾಳಿಗೆ ಮನೆಗಳು ಅಂದು ಹೆಚ್ಚಿನ ಸಂಖ್ಯೆಯಲ್ಲಿ ಕುಸಿದವು. ಅನಂತರ ಉತ್ತರ ಕರ್ನಾಟಕದ ಸಂತ್ರಸ್ತ ಗ್ರಾಮಗಳಿಗಾಗಿ ದಾನಿಗಳ ಸಹಭಾಗಿತ್ವದಲ್ಲಿ ‘ಆಸರೆ’ ಮನೆಗಳನ್ನು ನಿರ್ಮಿಸಲಾಯಿತು.

3. ಹೊರಹರಿವಿನ ಪ್ರಕಟಣೆಯನ್ನು ಅರ್ಥೈಸಿಕೊಳ್ಳುವ ಬಗೆ

ಪ್ರಕಟಣೆಗಳಲ್ಲಿ ‘ಕ್ಯುಸೆಕ್’ ಎಂಬ ಅಳತೆಯನ್ನು ಬಳಸಲಾಗುತ್ತದೆ. ಒಂದು ಕ್ಯುಸೆಕ್ ಎಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರ್ ನೀರು. ಒಂದು ಲಕ್ಷ ಕ್ಯುಸೆಕ್ ನೀರು 24 ಗಂಟೆ ಹರಿದರೆ 8.64 ಟಿ.ಎಂ.ಸಿ. ಆಗುತ್ತದೆ.

ನಾಗರಿಕರು ಈ ಕೆಳಗಿನ ಅಂಶಗಳನ್ನು ಗಮನಿಸಬೇಕು:

- ಒಂದೇ ಜಲಾಶಯದ ಅಂಕಿಯನ್ನು ನೋಡದೆ, ಕೂಡುವ ನದಿಗಳ ಹರಿವನ್ನೂ ಸೇರಿಸಿ ನೋಡಬೇಕು. ಭೀಮಾ ತೀರದವರು ಉಜನಿ ಮತ್ತು ವೀರ ಜಲಾಶಯಗಳೊಂದಿಗೆ ಸೀನಾ ನದಿಯ ಸ್ಥಿತಿಯನ್ನೂ, ಕೃಷ್ಣಾ ತೀರದವರು ಆಲಮಟ್ಟಿಯ ಒಳಹರಿವು ಮತ್ತು ಹೊರಹರಿವು ಎರಡನ್ನೂ ತಿಳಿದುಕೊಳ್ಳಬೇಕು.
- ಅಂಕಿ ದೊಡ್ಡದಿದೆಯೇ ಎಂಬುದಕ್ಕಿಂತ ಪ್ರತಿ ಕೆಲವು ಗಂಟೆಗೊಮ್ಮೆ ಅದು ಏರುತ್ತಿದೆಯೇ ಎಂಬುದು ಮುಖ್ಯ.
- ಊರಿನ ಹಿರಿಯರಿಗೆ ಹಿಂದಿನ ಪ್ರವಾಹದಲ್ಲಿ ನೀರು ಬಂದು ನಿಂತ ಗುರುತು ತಿಳಿದಿರುತ್ತದೆ. ಗುಡಿಯ ಕಟ್ಟೆ, ಶಾಲೆಯ ಗೋಡೆ ಅಥವಾ ಸೇತುವೆಯ ಮೇಲೆ ಬಣ್ಣದಿಂದ ಆ ವರ್ಷವನ್ನು ಬರೆದಿಡುವುದು ಉಪಯುಕ್ತ. ಆದರೆ ‘2009ರಲ್ಲಿಯೇ ಇಲ್ಲಿಗೆ ಬರಲಿಲ್ಲ’ ಎಂಬ ಭರವಸೆಯಿಂದ ಮನೆಯಲ್ಲಿಯೇ ಉಳಿಯಬಾರದು. ಪ್ರತಿಯೊಂದು ಪ್ರವಾಹದ ಮೂಲ ಬೇರೆಯಾಗಿರುತ್ತದೆ.
- ಡಂಗುರ, ಗ್ರಾಮ ಪಂಚಾಯಿತಿ ವಾಹನದ ಧ್ವನಿವರ್ಧಕ, ಆಕಾಶವಾಣಿ ಹಾಗೂ ಮೊಬೈಲ್‌ಗೆ ಬರುವ ಅಧಿಕೃತ ಎಚ್ಚರಿಕೆ ಸಂದೇಶಗಳನ್ನು ಮಾತ್ರ ನಂಬಬೇಕು. ಹಳೆಯ ದೃಶ್ಯಾವಳಿಗಳನ್ನು ಹಂಚಿ ಆತಂಕ ಹರಡಬಾರದು.

4. ಮನೆ ಬಿಡುವ ಮುನ್ನ: ಆದ್ಯತೆಯ ಕ್ರಮ

ಮುನ್ನೆಚ್ಚರಿಕೆ ಬಂದ ನಂತರ ಕುಟುಂಬದ ಎಲ್ಲರೂ ಎಲ್ಲ ಕೆಲಸಕ್ಕೂ ಧಾವಿಸಿದರೆ ಯಾವುದೂ ಪೂರ್ಣಗೊಳ್ಳುವುದಿಲ್ಲ. ಕೆಳಗಿನ ಕ್ರಮವನ್ನು ಅನುಸರಿಸಲು ಹಾಗೂ ಯಾವ ಕೆಲಸ ಯಾರದು ಎಂಬುದನ್ನು ಮಳೆಗಾಲಕ್ಕೆ ಮುಂಚೆಯೇ ಮನೆಯಲ್ಲಿ ನಿರ್ಧರಿಸಲು ಕೋರಲಾಗಿದೆ.

ಮೊದಲನೆಯದು, ಜನರು. ವೃದ್ಧರು, ಗರ್ಭಿಣಿಯರು, ಬಾಣಂತಿಯರು, ಅಂಗವಿಕಲರು ಮತ್ತು ಮಕ್ಕಳನ್ನು ಹಗಲಿನಲ್ಲಿಯೇ, ರಸ್ತೆ ತೆರೆದಿರುವಾಗಲೇ ಕಳುಹಿಸಬೇಕು. ಹೆರಿಗೆ ದಿನ ಸಮೀಪಿಸಿದ ಗರ್ಭಿಣಿಯರನ್ನು ಕಾಳಜಿ ಕೇಂದ್ರಕ್ಕಿಂತ ತಾಲ್ಲೂಕು ಆಸ್ಪತ್ರೆ ಇರುವ ಊರಿಗೆ ಸ್ಥಳಾಂತರಿಸುವುದು ಸೂಕ್ತ. ಆಶಾ ಕಾರ್ಯಕರ್ತೆಯರಿಗೆ ಮಾಹಿತಿ ನೀಡಬೇಕು.

ಎರಡನೆಯದು, ಜಾನುವಾರು. ಎತ್ತು, ಎಮ್ಮೆಗಳನ್ನು ಬಿಟ್ಟು ಹೋಗಲಾರದೆ ಹಲವು ಕುಟುಂಬಗಳು ಕೊನೆಯ ಕ್ಷಣದವರೆಗೂ ಮನೆಯಲ್ಲಿ ಉಳಿಯುತ್ತವೆ. ಆದ್ದರಿಂದ ಜಾನುವಾರುಗಳನ್ನು ಮೊದಲೇ ದಿಬ್ಬದ ಹೊಲಕ್ಕೆ ಹೊಡೆದುಕೊಂಡು ಹೋಗಬೇಕು. ಎರಡು ಮೂರು ದಿನಕ್ಕೆ ಸಾಕಾಗುವಷ್ಟು ಕಣಿಕೆಯನ್ನು ಬಣವೆಯಿಂದ ಹಿರಿದು ಅಲ್ಲಿಗೆ ಸಾಗಿಸಬೇಕು. ಸ್ಥಳಾಂತರ ಸಾಧ್ಯವಾಗದೆ ಹೋದಲ್ಲಿ ಹಗ್ಗ ಬಿಚ್ಚಿ ಬಿಡಬೇಕು. ಗೂಟಕ್ಕೆ ಕಟ್ಟಿದ ದನವು ಈಜಿ ಪಾರಾಗಲಾರದು.

ಮೂರನೆಯದು, ದಾಖಲೆಪತ್ರ. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್, ಪಹಣಿ, ಮನೆಯ ಉತಾರ, ಮಕ್ಕಳ ಅಂಕಪಟ್ಟಿ, ಬೆಳೆ ವಿಮೆ ರಸೀದಿ, ಪಿಂಚಣಿ ಆದೇಶ ಮತ್ತು ವೈದ್ಯರ ಚೀಟಿಗಳನ್ನು ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮನೆಯ ಒಬ್ಬ ಸದಸ್ಯರ ಜವಾಬ್ದಾರಿಗೆ ನೀಡಬೇಕು. ಪ್ರತಿಯೊಂದರ ಛಾಯಾಚಿತ್ರವನ್ನು ಮೊಬೈಲ್‌ನಲ್ಲಿ ತೆಗೆದು, ಬೇರೆ ಊರಿನ ಬಂಧುವೊಬ್ಬರಿಗೆ ಕಳುಹಿಸಿಟ್ಟಲ್ಲಿ ಮೊಬೈಲ್ ಕಳೆದರೂ ಪ್ರತಿ ಉಳಿಯುತ್ತದೆ.

ನಾಲ್ಕನೆಯದು, ಆಹಾರ ಮತ್ತು ಬೀಜ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಅವಲಕ್ಕಿ, ಚುರುಮುರಿ, ಪುಟಾಣಿ ಮತ್ತು ಬೆಲ್ಲವನ್ನು ಮೂರು ದಿನಗಳಿಗೆ ಸಾಕಾಗುವಷ್ಟು ಕಟ್ಟಿಕೊಳ್ಳಬೇಕು. ಸೆಪ್ಟೆಂಬರ್ ಹಾಗೂ ಅಕ್ಟೋಬರ್ ತಿಂಗಳ ಪ್ರವಾಹವು ಹಿಂಗಾರಿ ಬಿತ್ತನೆಯ ಹೊತ್ತಿಗೇ ಬರುವುದರಿಂದ, ಜೋಳ ಮತ್ತು ಕಡಲೆಯ ಬೀಜದ ಚೀಲಗಳನ್ನು ಎತ್ತರದ ಸ್ಥಳದಲ್ಲಿಡಬೇಕು.

ಐದನೆಯದು, ಮನೆ. ವಿದ್ಯುತ್ ಮೇನ್ ಸ್ವಿಚ್ ಬಂದ್ ಮಾಡಬೇಕು. ಅಡುಗೆ ಅನಿಲದ ರೆಗ್ಯುಲೇಟರ್ ತೆಗೆದು, ಸಿಲಿಂಡರನ್ನು ತೇಲಿ ಹೋಗದಂತೆ ಕಟ್ಟಬೇಕು. ಕೀಟನಾಶಕ ಮತ್ತು ಗೊಬ್ಬರವನ್ನು ಅಟ್ಟಕ್ಕೆ ಏರಿಸಬೇಕು. ಇವು ನೀರಿಗೆ ಬೆರೆತರೆ ಬಾವಿ ಹಾಳಾಗುತ್ತದೆ.

ಕೊನೆಯದು, ಪಂಪ್‌ಸೆಟ್. ನದಿ ದಂಡೆಯ ಮೋಟಾರು, ಸ್ಟಾರ್ಟರ್ ಮತ್ತು ಪೈಪುಗಳನ್ನು ಮೊದಲ ಎಚ್ಚರಿಕೆ ಬಂದ ದಿನವೇ ಮೇಲೆ ತರಬೇಕು. ನೀರು ಏರಿದ ನಂತರ ಪಂಪ್‌ಸೆಟ್ ತರಲು ನದಿಗೆ ಇಳಿದವರು ಪ್ರಾಣಾಪಾಯಕ್ಕೆ ಸಿಲುಕುತ್ತಾರೆ. ಸಾಲ ಮಾಡಿ ಕೊಂಡ ಮೋಟಾರು ಮುಳುಗುವುದನ್ನು ನೋಡುತ್ತ ನಿಲ್ಲುವುದು ಕಷ್ಟವೇ ಸರಿ; ಆದರೆ ಮೋಟಾರನ್ನು ಮತ್ತೆ ಕೊಳ್ಳಬಹುದು.

ಹರಿಯುವ ನೀರು ಮೊಣಕಾಲಿನ ಮಟ್ಟಕ್ಕಿದ್ದರೂ ವಯಸ್ಕರನ್ನು ಕೆಡವಬಲ್ಲದು. ಎರಡು ಅಡಿ ನೀರು ವಾಹನವನ್ನು ತೇಲಿಸಬಲ್ಲದು. ಮುಳುಗಿದ ಸೇತುವೆಯ ಮೇಲೆ ಟ್ರ್ಯಾಕ್ಟರ್, ಬೈಕ್ ಅಥವಾ ಚಕ್ಕಡಿ ಇಳಿಸುವುದನ್ನು ಕಡ್ಡಾಯವಾಗಿ ತಪ್ಪಿಸಬೇಕು.

5. ಕಾಳಜಿ ಕೇಂದ್ರದಲ್ಲಿ ದಿನಚರಿ

ಹಿಂದೆ ಗಂಜಿ ಕೇಂದ್ರವೆಂದು ಕರೆಯಲಾಗುತ್ತಿದ್ದ ತಾತ್ಕಾಲಿಕ ಆಶ್ರಯ ಸ್ಥಾನಗಳನ್ನು ಈಗ ಕಾಳಜಿ ಕೇಂದ್ರವೆಂದು ಕರೆಯಲಾಗುತ್ತದೆ. ಸಾಮಾನ್ಯವಾಗಿ ಶಾಲೆ, ಸಮುದಾಯ ಭವನ ಅಥವಾ ಕಲ್ಯಾಣ ಮಂಟಪಗಳಲ್ಲಿ ಇವುಗಳನ್ನು ತೆರೆಯಲಾಗುತ್ತದೆ.

ಹೆಸರು ನೋಂದಣಿ: ಕೇಂದ್ರಕ್ಕೆ ಬಂದ ಕೂಡಲೇ ಕುಟುಂಬದ ಎಲ್ಲ ಸದಸ್ಯರ ಹೆಸರನ್ನು ವಹಿಯಲ್ಲಿ ಬರೆಸಬೇಕು. ಬಂಧುಗಳ ಮನೆಯಲ್ಲಿ ತಂಗುವವರು ಸಹ ತಮ್ಮ ಗ್ರಾಮ ಆಡಳಿತ ಅಧಿಕಾರಿಗೆ ಮಾಹಿತಿ ನೀಡತಕ್ಕದ್ದು. ಯಾವ ಕುಟುಂಬ ಎಂದು ಮನೆ ಬಿಟ್ಟಿತು ಎಂಬುದಕ್ಕೆ ಈ ವಹಿಯು ಮುಂದೆ ಆಧಾರವಾಗುತ್ತದೆ.

ಕುಡಿಯುವ ನೀರು: ಟ್ಯಾಂಕರ್ ನೀರನ್ನು ಸಹ ಕುದಿಸಿ ಆರಿಸಿ ಕುಡಿಯಬೇಕು. ಕುದಿಸಲು ಅನುಕೂಲವಿಲ್ಲದಿದ್ದಲ್ಲಿ ಬಟ್ಟೆಯಲ್ಲಿ ಸೋಸಿ, ಆರೋಗ್ಯ ಸಿಬ್ಬಂದಿ ನೀಡುವ ಕ್ಲೋರಿನ್ ಮಾತ್ರೆಯನ್ನು ಪೊಟ್ಟಣದ ಮೇಲಿನ ಸೂಚನೆಯಂತೆ ಹಾಕಿ ಅರ್ಧ ಗಂಟೆ ಬಿಡಬೇಕು. ಕುಡಿಯುವ ನೀರಿನ ಕೊಡ ಮತ್ತು ಬಳಕೆಯ ಕೊಡ ಬೇರೆಬೇರೆ ಇರಲಿ.

ವಾಂತಿ ಭೇದಿ: ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಚಹಾ ಚಮಚ ಸಕ್ಕರೆ ಹಾಗೂ ಅರ್ಧ ಚಹಾ ಚಮಚ ಉಪ್ಪು ಬೆರೆಸಿ ಸ್ವಲ್ಪಸ್ವಲ್ಪವಾಗಿ ಕುಡಿಸಬೇಕು. ಓ.ಆರ್.ಎಸ್. ಪೊಟ್ಟಣ ದೊರೆತಲ್ಲಿ ಅದೇ ಉತ್ತಮ. ಮಗುವಿಗೆ ಎದೆಹಾಲು ನಿಲ್ಲಿಸಬಾರದು. ಮಗು ಮೂತ್ರ ಮಾಡುವುದು ಕಡಿಮೆಯಾದಲ್ಲಿ ಅಥವಾ ಮಂಕಾದಲ್ಲಿ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ನಿತ್ಯ ಔಷಧ: ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಷಯ ಮತ್ತು ಮೂರ್ಛೆ ರೋಗದ ಔಷಧಗಳನ್ನು ಒಂದು ದಿನವೂ ತಪ್ಪಿಸಬಾರದು. ಚೀಟಿ ಕಳೆದಿದ್ದರೂ ಕೇಂದ್ರಕ್ಕೆ ಬರುವ ವೈದ್ಯಾಧಿಕಾರಿಗೆ ತಿಳಿಸಬೇಕು.

ಮಹಿಳೆಯರು: ಶೌಚಾಲಯದ ಬಳಿ ರಾತ್ರಿ ಬೆಳಕು, ಸ್ನಾನಕ್ಕೆ ಮರೆ ಮತ್ತು ಸ್ಯಾನಿಟರಿ ಪ್ಯಾಡ್‌ಗಳನ್ನು ಕೇಂದ್ರದ ಉಸ್ತುವಾರಿ ಅಧಿಕಾರಿಯಿಂದ ಕೇಳಿ ಪಡೆಯಬೇಕು. ಸಂಕೋಚದಿಂದ ನೀರು ಕುಡಿಯುವುದನ್ನು ಕಡಿಮೆ ಮಾಡುವುದು ಆರೋಗ್ಯಕ್ಕೆ ಹಾನಿಕರ.

ಮಕ್ಕಳು: ಶಾಲೆಯೇ ಆಶ್ರಯ ತಾಣವಾದಾಗ ಪಾಠ ನಿಲ್ಲುತ್ತದೆ. ದಿನಕ್ಕೆ ಎರಡು ಗಂಟೆಯಾದರೂ ಒಂದು ಮೂಲೆಯಲ್ಲಿ ಓದು ಬರಹ ನಡೆಯುವಂತೆ ಹಿರಿಯ ವಿದ್ಯಾರ್ಥಿಗಳು ಮತ್ತು ಶಿಕ್ಷಕರು ನೋಡಿಕೊಳ್ಳಬಹುದು. ನೀರು ನೋಡಲು ಮಕ್ಕಳು ದಂಡೆಗೆ ಹೋಗದಂತೆ ಒಬ್ಬ ಹಿರಿಯರು ಸದಾ ನಿಗಾ ಇಡಬೇಕು.

ಗಂಡಸರು ಜಾನುವಾರು ನೋಡಿಕೊಳ್ಳಲು ಊರಿನ ಬಳಿಯೇ ಉಳಿದು, ಹೆಂಗಸರು ಮತ್ತು ಮಕ್ಕಳು ಮಾತ್ರ ಕೇಂದ್ರಕ್ಕೆ ಬರುವುದು ಈ ಭಾಗದಲ್ಲಿ ಸಾಮಾನ್ಯ. ಹೀಗೆ ಕುಟುಂಬ ಬೇರ್ಪಟ್ಟಾಗ ದಿನಕ್ಕೆರಡು ಬಾರಿ ನಿಗದಿತ ಸಮಯದಲ್ಲಿ ಮಾತ್ರ ಕರೆ ಮಾಡಿ, ಉಳಿದ ವೇಳೆ ಮೊಬೈಲ್ ಬ್ಯಾಟರಿಯನ್ನು ಉಳಿಸುವುದು ಒಳ್ಳೆಯದು.

6. ಸುತ್ತಲೂ ನೀರು ಆವರಿಸಿದ ಊರು ಮತ್ತು ವಸ್ತಿಗಳು

ಮನೆಗೆ ನೀರು ನುಗ್ಗದಿದ್ದರೂ ರಸ್ತೆ ಮುಳುಗಿ ಊರು ದ್ವೀಪದಂತಾಗುವುದುಂಟು. ಹೊಲದ ವಸ್ತಿಗಳಲ್ಲಿ ವಾಸಿಸುವ ಒಂಟಿ ಕುಟುಂಬಗಳು ಹೆಚ್ಚಾಗಿ ಈ ಸ್ಥಿತಿಗೆ ಸಿಲುಕುತ್ತವೆ. ಅಂತಹವರು ಈಜಿ ಅಥವಾ ತೆಪ್ಪದಲ್ಲಿ ದಾಟುವ ಪ್ರಯತ್ನ ಮಾಡದೆ 112 ಅಥವಾ 1077 ಸಂಖ್ಯೆಗೆ ಕರೆ ಮಾಡಿ, ಗ್ರಾಮದ ಹೆಸರು, ವಸ್ತಿಯ ದಿಕ್ಕು, ಜನರ ಸಂಖ್ಯೆ ಮತ್ತು ರೋಗಿಗಳಿದ್ದಲ್ಲಿ ಆ ವಿವರವನ್ನು ತಿಳಿಸಬೇಕು. ಹಗಲಿನಲ್ಲಿ ಬಣ್ಣದ ಸೀರೆಯನ್ನು ಎತ್ತರದಲ್ಲಿ ಕಟ್ಟುವುದು, ರಾತ್ರಿ ಬ್ಯಾಟರಿ ಬೆಳಕು ತೋರುವುದು ರಕ್ಷಣಾ ತಂಡಕ್ಕೆ ನೆರವಾಗುತ್ತದೆ.

ಪ್ರವಾಹದಲ್ಲಿ ಹಾವು, ಚೇಳುಗಳು ಒಣ ಜಾಗವನ್ನು ಹುಡುಕಿ ಮನೆ, ಬಣವೆ ಮತ್ತು ಕಟ್ಟಿಗೆ ರಾಶಿಗಳನ್ನು ಸೇರುತ್ತವೆ. ಹಾವು ಕಚ್ಚಿದಲ್ಲಿ ಗಾಯವನ್ನು ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು. ಕಚ್ಚಿದ ಅಂಗವನ್ನು ಅಲುಗಾಡಿಸದೆ 108 ವಾಹನದ ಮೂಲಕ ಆಸ್ಪತ್ರೆಗೆ ಸಾಗಿಸಬೇಕು. ವಿಷಕ್ಕೆ ಮದ್ದು ಆಸ್ಪತ್ರೆಯಲ್ಲಿ ಮಾತ್ರ ದೊರೆಯುತ್ತದೆ. ಕೃಷ್ಣಾ ತೀರದಲ್ಲಿ ಮೊಸಳೆಗಳ ಬಗ್ಗೆಯೂ ಎಚ್ಚರ ವಹಿಸಬೇಕು.

7. ಮನೆಗೆ ಮರಳಿದ ನಂತರ

ನೀರು ಇಳಿದ ದಿನವೇ ಮನೆ ಸುರಕ್ಷಿತವೆಂದು ಭಾವಿಸಬಾರದು. ಮಣ್ಣಿನ ಗೋಡೆಯು ನೆನೆದಾಗಲಷ್ಟೇ ಅಲ್ಲ, ಬಿಸಿಲಿಗೆ ಒಣಗಿ ಬಿರುಕು ಬಿಡುವಾಗಲೂ ಕುಸಿಯುತ್ತದೆ. ಮಾಳಿಗೆಯ ಮಣ್ಣು ನೀರು ಕುಡಿದು ಭಾರವಾಗಿರುತ್ತದೆ. ಗೋಡೆ ಉಬ್ಬಿದ್ದಲ್ಲಿ, ತೊಲೆ ಜಾರಿದ್ದಲ್ಲಿ, ಬಾಗಿಲು ಬಿಗಿಯಾಗಿದ್ದಲ್ಲಿ ಅಭಿಯಂತರರು ಪರಿಶೀಲಿಸುವವರೆಗೆ ಒಳಗೆ ಮಲಗಬಾರದು. ಪಕ್ಕದ ಪಾಳು ಗೋಡೆಯ ಕೆಳಗೂ ಮಕ್ಕಳನ್ನು ಆಡಲು ಬಿಡಬಾರದು.

- ಹೆಸ್ಕಾಂ ಸಿಬ್ಬಂದಿ ಅಥವಾ ತಿಳಿದವರು ಪರೀಕ್ಷಿಸದೆ ವಿದ್ಯುತ್ ಸಂಪರ್ಕ ಚಾಲೂ ಮಾಡಬಾರದು. ತುಂಡಾದ ತಂತಿ ಕಂಡಲ್ಲಿ 1912ಕ್ಕೆ ತಿಳಿಸಬೇಕು.
- ಹಗೇವಿನಲ್ಲಿ ನೀರು ಇಳಿದಿದ್ದಲ್ಲಿ ಕೂಡಲೇ ಒಳಗೆ ಇಳಿಯಬಾರದು. ನೆನೆದ ಜೋಳ ಹುಳಿತು ಉಂಟಾಗುವ ಗಾಳಿಯಿಂದ ಉಸಿರುಗಟ್ಟಿ ಸಾವು ಸಂಭವಿಸುತ್ತದೆ. ಬಾಯಿ ತೆರೆದು ಸಾಕಷ್ಟು ಗಾಳಿಯಾಡಲು ಬಿಡಬೇಕು. ಇಳಿಯುವುದು ಅನಿವಾರ್ಯವಾದಲ್ಲಿ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಜನರಿರುವಾಗ ಮಾತ್ರ ಇಳಿಯಬೇಕು. ಒಬ್ಬರು ಕುಸಿದಲ್ಲಿ ರಕ್ಷಿಸಲು ಇನ್ನೊಬ್ಬರು ಹಾಗೆಯೇ ಧುಮುಕಬಾರದು.
- ಬೂಸರು ಹಿಡಿದ ಕಾಳನ್ನು ಜನರೂ ತಿನ್ನಬಾರದು, ಜಾನುವಾರುಗಳಿಗೂ ಹಾಕಬಾರದು.
- ಬಾವಿ ಮತ್ತು ಕೊಳವೆ ಬಾವಿಯ ನೀರನ್ನು ಗ್ರಾಮ ಪಂಚಾಯಿತಿಯವರು ಬ್ಲೀಚಿಂಗ್ ಪುಡಿಯಿಂದ ಶುದ್ಧೀಕರಿಸಿದ ನಂತರವೇ ಬಳಸಬೇಕು.
- ಕೆಸರು ತೆಗೆಯುವಾಗ ಕಾಲಿಗೆ ಬೂಟು ಅಥವಾ ದಪ್ಪ ಚಪ್ಪಲಿ ಧರಿಸಬೇಕು. ಗಾಯವಿದ್ದವರು ಕೆಸರಿಗೆ ಇಳಿಯಬಾರದು. ನಂತರದ ದಿನಗಳಲ್ಲಿ ಜ್ವರ, ಮೈಕೈ ನೋವು, ಕಣ್ಣು ಕೆಂಪಾಗುವುದು ಕಂಡಲ್ಲಿ ಇಲಿ ಜ್ವರದ ತಪಾಸಣೆ ಮಾಡಿಸಬೇಕು.
- ಜಾನುವಾರುಗಳಿಗೆ ಗಂಟಲುಬೇನೆ ಮತ್ತು ಚಪ್ಪೆಬೇನೆಯ ಲಸಿಕೆ ಹಾಕಿಸಬೇಕು. ಸತ್ತ ಪ್ರಾಣಿಗಳನ್ನು ನದಿಗೆ ಎಸೆಯದೆ, ಪಶುವೈದ್ಯರ ಪರೀಕ್ಷೆಯ ನಂತರ ಸುಣ್ಣ ಹಾಕಿ ಆಳವಾಗಿ ಹೂಳಬೇಕು.

ಹೊಲದಲ್ಲಿ ನಿಂತ ನೀರನ್ನು ಬಸಿಗಾಲುವೆ ತೆಗೆದು ಹೊರಹಾಕಬೇಕು. ತೊಗರಿ ಮತ್ತು ಹತ್ತಿ ಬೆಳೆಗಳು ಬೇರಿನಲ್ಲಿ ನೀರು ನಿಂತರೆ ಬೇಗ ಒಣಗುತ್ತವೆ. ಇಂಡಿ ಭಾಗದ ಲಿಂಬೆ ತೋಟಗಳಲ್ಲಿ ನೀರು ನಿಂತಲ್ಲಿ ಬೇರು ಕೊಳೆತು ಗಿಡವೇ ಹೋಗುವುದರಿಂದ ತೋಟಗಾರಿಕೆ ಇಲಾಖೆಯ ಸಲಹೆ ಪಡೆಯಬೇಕು.

8. ಹಾನಿಯ ಸಮೀಕ್ಷೆ ಮತ್ತು ಪರಿಹಾರ

ಶುಚಿಗೊಳಿಸುವ ಮುನ್ನ ದಾಖಲಿಸಬೇಕು. ನೀರು ನಿಂತ ಗುರುತು, ಬಿದ್ದ ಗೋಡೆ, ನೆನೆದ ಕಾಳು, ಮಲಗಿದ ಬೆಳೆ ಇವುಗಳ ಛಾಯಾಚಿತ್ರಗಳನ್ನು ದಿನಾಂಕ ಸಹಿತ ತೆಗೆದಿಡಬೇಕು. ಒಂದು ನೋಟ್‌ಬುಕ್ಕಿನಲ್ಲಿ ಯಾವ ದಿನ ನೀರು ಬಂತು, ಯಾವ ದಿನ ಇಳಿಯಿತು, ಏನೇನು ಹೋಯಿತು ಎಂದು ಬರೆದಿಡಬೇಕು. ಸಮೀಕ್ಷೆಗೆ ಬಂದವರ ಹೆಸರು, ಹುದ್ದೆ ಮತ್ತು ದಿನಾಂಕವನ್ನೂ ಅದರಲ್ಲಿಯೇ ಬರೆದುಕೊಳ್ಳಬೇಕು.

8.1 ಸಮೀಕ್ಷೆ ನಡೆಸುವವರು

ಮನೆ ಹಾನಿಗೆ ಕಂದಾಯ ಇಲಾಖೆ, ಗ್ರಾಮ ಪಂಚಾಯಿತಿ ಹಾಗೂ ಅಭಿಯಂತರರ ತಂಡ; ಬೆಳೆ ಹಾನಿಗೆ ಕಂದಾಯ, ಕೃಷಿ ಮತ್ತು ತೋಟಗಾರಿಕೆ ಇಲಾಖೆಗಳ ಜಂಟಿ ತಂಡ; ಜಾನುವಾರು ಸಾವಿಗೆ ಪಶುವೈದ್ಯಾಧಿಕಾರಿ. ಬೆಳೆ ಹಾನಿಯು ಶೇಕಡ 33 ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ ಮಾತ್ರ ಪರಿಹಾರಕ್ಕೆ ಅರ್ಹವಾಗುತ್ತದೆ. ಮೊತ್ತವನ್ನು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ನೇರವಾಗಿ ಜಮಾ ಮಾಡಲಾಗುತ್ತದೆ.

8.2 ಪರಿಹಾರದ ದರಗಳು

2022-23ರಿಂದ 2025-26ರ ಅವಧಿಗೆ ಕೇಂದ್ರ ಸರ್ಕಾರವು ನಿಗದಿಪಡಿಸಿದ ರಾಜ್ಯ ವಿಪತ್ತು ಸ್ಪಂದನಾ ನಿಧಿಯ ಮಾರ್ಗಸೂಚಿಯ ಪ್ರಮುಖ ದರಗಳು:

- ಜೀವಹಾನಿ: ರೂ. 4,00,000
- ಬಟ್ಟೆ ಮತ್ತು ಪಾತ್ರೆ ಪಗಡ: ಪ್ರತಿ ಕುಟುಂಬಕ್ಕೆ ತಲಾ ರೂ. 2,500ರಂತೆ ಒಟ್ಟು ರೂ. 5,000
- ಪೂರ್ಣ ಹಾನಿಯಾದ ಮನೆ (ಬಯಲು ಪ್ರದೇಶ): ರೂ. 1,20,000
- ಭಾಗಶಃ ಹಾನಿಯಾದ ಪಕ್ಕಾ ಮನೆ: ರೂ. 6,500, ಕಚ್ಚಾ ಮನೆ: ರೂ. 4,000
- ಆಕಳು ಅಥವಾ ಎಮ್ಮೆ: ರೂ. 37,500, ಎತ್ತು: ರೂ. 32,000, ಕುರಿ ಅಥವಾ ಮೇಕೆ: ರೂ. 4,000
- ಬೆಳೆ, ಪ್ರತಿ ಹೆಕ್ಟೇರಿಗೆ: ಮಳೆಯಾಶ್ರಿತ ರೂ. 8,500, ನೀರಾವರಿ ರೂ. 17,000, ಬಹುವಾರ್ಷಿಕ ರೂ. 22,500 (ಗರಿಷ್ಠ 2 ಹೆಕ್ಟೇರ್)

ರಾಜ್ಯ ಸರ್ಕಾರವು ಕೆಲವು ವರ್ಷಗಳಲ್ಲಿ ಇದಕ್ಕಿಂತ ಹೆಚ್ಚಿನ ಮೊತ್ತವನ್ನು ಪ್ರಕಟಿಸಿದೆ. 2019 ಮತ್ತು 2020ರಲ್ಲಿ ಸಂತ್ರಸ್ತ ಕುಟುಂಬಕ್ಕೆ ತಕ್ಷಣದ ನೆರವಾಗಿ ರೂ. 10,000 ಹಾಗೂ ಪೂರ್ಣ ಹಾನಿಯಾದ ಮನೆಗೆ ರೂ. 5 ಲಕ್ಷ ನಿಗದಿಯಾಗಿತ್ತು. 2025ರ ಪ್ರವಾಹದ ನಂತರ ಬೆಳೆ ಹಾನಿಗೆ ಪ್ರತಿ ಹೆಕ್ಟೇರಿಗೆ ರೂ. 8,500 ಹೆಚ್ಚುವರಿಯಾಗಿ ಪ್ರಕಟಿಸಲಾಯಿತು. ಹಾನಿ ಸಂಭವಿಸಿದ ಸಮಯಕ್ಕೆ ಅನ್ವಯಿಸುವ ಆದೇಶದಂತೆ ದರ ನಿರ್ಧಾರವಾಗುತ್ತದೆ. ಹಿಂದಿನ ವರ್ಷದ ದರವನ್ನು ಹಕ್ಕಿನಿಂದ ಕೇಳಲು ಅವಕಾಶವಿಲ್ಲ.

ಉದಾಹರಣೆ: ಮೂರು ಎಕರೆ ಎಂದರೆ ಸುಮಾರು 1.214 ಹೆಕ್ಟೇರ್. ಮಳೆಯಾಶ್ರಿತ ತೊಗರಿ ನಾಶವಾದಲ್ಲಿ ರೂ. 8,500ರಂತೆ ಸುಮಾರು ರೂ. 10,320 ಆಗುತ್ತದೆ. 2025ರ ಹೆಚ್ಚುವರಿ ಮೊತ್ತ ಸೇರಿದಲ್ಲಿ ಸುಮಾರು ರೂ. 20,640. ಇದು ಮುಂದಿನ ಬಿತ್ತನೆಗೆ ನೆರವಾಗುವ ಮೊತ್ತವೇ ಹೊರತು ಕಳೆದುಕೊಂಡ ಫಸಲಿನ ಬೆಲೆಯಲ್ಲ. ಪರಿಹಾರ ಬರುತ್ತದೆಂದು ನಂಬಿ ಹೆಚ್ಚಿನ ಬಡ್ಡಿಗೆ ಕೈಸಾಲ ಮಾಡದಿರಲು ಹಾಗೂ ಬೆಳೆ ವಿಮೆ ಮಾಡಿಸಲು ಈ ಲೆಕ್ಕವನ್ನು ಗಮನದಲ್ಲಿಡಬೇಕು.

8.3 ಒದಗಿಸಬೇಕಾದ ದಾಖಲೆಗಳು

(1) ಆಧಾರ್ ಪ್ರತಿ (2) ಆಧಾರ್ ಜೋಡಣೆಯಾದ ಬ್ಯಾಂಕ್ ಪಾಸ್‌ಬುಕ್ ಪ್ರತಿ (3) ಪಡಿತರ ಚೀಟಿ (4) ಬೆಳೆಗೆ ಪಹಣಿ ಹಾಗೂ ರೈತರ ಫ್ರೂಟ್ಸ್ ನೋಂದಣಿ ಸಂಖ್ಯೆ (5) ಮನೆಗೆ ಪಂಚಾಯಿತಿ ಉತಾರ (6) ಜಾನುವಾರಿಗೆ ಪಶುವೈದ್ಯರ ಮರಣೋತ್ತರ ಪರೀಕ್ಷಾ ವರದಿ (7) ಜೀವಹಾನಿಗೆ ಮರಣೋತ್ತರ ಪರೀಕ್ಷಾ ವರದಿ ಮತ್ತು ಪೊಲೀಸ್ ಪ್ರಥಮ ವರ್ತಮಾನ ವರದಿ. ಅರ್ಜಿಗೆ ಯಾವುದೇ ಶುಲ್ಕವಿರುವುದಿಲ್ಲ. ಮಧ್ಯವರ್ತಿಗಳಿಗೆ ಹಣ ನೀಡಬಾರದು.

8.4 ಪೌತಿ ಖಾತೆ

ಪಹಣಿಯು ಮೃತ ತಂದೆ ಅಥವಾ ಅಜ್ಜನ ಹೆಸರಿನಲ್ಲಿಯೇ ಉಳಿದಿರುವುದು ಪರಿಹಾರ ತಡವಾಗಲು ಒಂದು ಮುಖ್ಯ ಕಾರಣ. ಮೃತರ ಖಾತೆಗೆ ಹಣ ಜಮಾ ಮಾಡಲಾಗದು. ಹೊಲದಲ್ಲಿ ದುಡಿಯುವ ಮಕ್ಕಳ ಹೆಸರು ದಾಖಲೆಯಲ್ಲಿಲ್ಲದ ಕಾರಣ ಅವರಿಗೂ ಪಾವತಿಸಲಾಗದು. ಪತಿಯನ್ನು ಕಳೆದುಕೊಂಡ ಮಹಿಳೆಯರು ಇದರಿಂದ ಹೆಚ್ಚು ತೊಂದರೆಗೊಳಗಾಗುತ್ತಾರೆ. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಂದಿಗೆ ನಾಡ ಕಚೇರಿಯಲ್ಲಿ ಅರ್ಜಿ ಸಲ್ಲಿಸಿ, ಪೌತಿ ಖಾತೆ ಬದಲಾವಣೆಯನ್ನು ಮಳೆಗಾಲಕ್ಕೆ ಮುಂಚೆಯೇ ಪೂರ್ಣಗೊಳಿಸಿಕೊಳ್ಳಲು ವಿಶೇಷವಾಗಿ ಕೋರಲಾಗಿದೆ.

8.5 ಬೆಳೆ ವಿಮೆ

ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಡಿ ವಿಮೆ ಮಾಡಿಸಿದವರು ಹೊಲ ಜಲಾವೃತವಾದ 72 ಗಂಟೆಗಳೊಳಗಾಗಿ ವಿಮಾ ಸಂಸ್ಥೆ, ಬ್ಯಾಂಕ್ ಅಥವಾ ಕೃಷಿ ಇಲಾಖೆಗೆ ತಿಳಿಸಬೇಕು. ಸಹಾಯವಾಣಿ: 14447. ಮನೆ ಬಿಟ್ಟು ಕಾಳಜಿ ಕೇಂದ್ರದಲ್ಲಿರುವವರಿಗೆ ಈ ಅವಧಿ ಅರಿವಿಲ್ಲದೆ ಕಳೆದುಹೋಗುತ್ತದೆ. ಕೇಂದ್ರದಿಂದಲೇ ಕರೆ ಮಾಡಬಹುದು. ಯಾವ ಬೆಳೆಗೆ ಜಲಾವೃತದ ರಕ್ಷಣೆ ಅನ್ವಯಿಸುತ್ತದೆ ಎಂಬುದನ್ನು ವಿಮೆ ಮಾಡಿಸುವಾಗಲೇ ಕೇಳಿ ತಿಳಿದುಕೊಳ್ಳಬೇಕು.

9. ಕಳೆದುಹೋದ ದಾಖಲೆಗಳನ್ನು ಮರಳಿ ಪಡೆಯುವುದು

ಪಹಣಿಯು ‘ಭೂಮಿ’ ಗಣಕೀಕೃತ ವ್ಯವಸ್ಥೆಯಲ್ಲಿರುವುದರಿಂದ ಕಾಗದ ಹೋದರೂ ಹಕ್ಕು ಹೋಗುವುದಿಲ್ಲ. ನಾಡ ಕಚೇರಿಯಲ್ಲಿ ಹೊಸ ಪ್ರತಿ ದೊರೆಯುತ್ತದೆ. ಆಧಾರ್‌ಗೆ 1947 ಸಹಾಯವಾಣಿ ಅಥವಾ ಆಧಾರ್ ಕೇಂದ್ರ, ಪಡಿತರ ಚೀಟಿಗೆ ತಾಲ್ಲೂಕಿನ ಆಹಾರ ಶಾಖೆ, ಎಸ್.ಎಸ್.ಎಲ್.ಸಿ. ಅಂಕಪಟ್ಟಿಗೆ ಶಾಲಾ ಮುಖ್ಯೋಪಾಧ್ಯಾಯರ ಮೂಲಕ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ, ಪಾಸ್‌ಬುಕ್‌ಗೆ ಆಯಾ ಬ್ಯಾಂಕ್ ಶಾಖೆಯನ್ನು ಸಂಪರ್ಕಿಸಬೇಕು. ಪಠ್ಯಪುಸ್ತಕ ಹಾಳಾದ ಮಕ್ಕಳ ಹೆಸರನ್ನು ಶಾಲೆಯಲ್ಲಿ ಬರೆಸಬೇಕು. ಪುಸ್ತಕವಿಲ್ಲವೆಂಬ ಕಾರಣಕ್ಕೆ ಮಕ್ಕಳನ್ನು ಶಾಲೆ ಬಿಡಿಸಬಾರದು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸಮೀಕ್ಷೆಗೆ ಯಾರೂ ಬರುವ ಮೊದಲೇ ಬಿದ್ದ ಗೋಡೆಯ ಮಣ್ಣು ತೆಗೆಯಬಹುದೇ?
ಉತ್ತರ: ಓಡಾಟಕ್ಕೆ ದಾರಿ ಮಾಡಿಕೊಳ್ಳುವಷ್ಟು ತೆಗೆಯಬಹುದು. ಅದಕ್ಕೂ ಮೊದಲು ಎಲ್ಲ ದಿಕ್ಕಿನಿಂದ ಛಾಯಾಚಿತ್ರ ತೆಗೆದು ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಬೇಕು.

ಪ್ರಶ್ನೆ: ಬೇರೆಯವರ ಹೊಲವನ್ನು ಲಾವಣಿ ಹಾಕಿಕೊಂಡು ಮಾಡಿದ್ದೇವೆ. ಪರಿಹಾರ ಯಾರಿಗೆ?
ಉತ್ತರ: ಪಾವತಿಯು ಪಹಣಿಯಲ್ಲಿರುವ ಹೆಸರಿಗೆ ಆಗುತ್ತದೆ. ಆದ್ದರಿಂದ ಬಿತ್ತನೆಗೆ ಮುಂಚೆಯೇ ಮಾಲೀಕರೊಂದಿಗೆ ಈ ಬಗ್ಗೆ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳುವುದು ಸೂಕ್ತ.

ಪ್ರಶ್ನೆ: ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ. ಏನು ಮಾಡಬೇಕು?
ಉತ್ತರ: ಛಾಯಾಚಿತ್ರ ಹಾಗೂ ನೋಟ್‌ಬುಕ್ಕಿನ ವಿವರದೊಂದಿಗೆ ತಹಶೀಲ್ದಾರರಿಗೆ ಲಿಖಿತ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಪರಿಹಾರ ಕಾಣದಿದ್ದಲ್ಲಿ ಉಪವಿಭಾಗಾಧಿಕಾರಿ, ನಂತರ ಜಿಲ್ಲಾಧಿಕಾರಿಗಳಿಗೆ ಮನವಿ ಸಲ್ಲಿಸಬಹುದು. ಕುಂದುಕೊರತೆಗೆ 1902 ಸಂಖ್ಯೆಗೂ ಕರೆ ಮಾಡಬಹುದು.

ಪ್ರಶ್ನೆ: ಹಣ ಮಂಜೂರಾಗಿದೆ ಎನ್ನುತ್ತಾರೆ, ಖಾತೆಗೆ ಬಂದಿಲ್ಲ.
ಉತ್ತರ: ಆಧಾರ್ ಜೋಡಣೆಯಾದ ಖಾತೆ ಬೇರೆ ಬ್ಯಾಂಕಿನಲ್ಲಿರಬಹುದು ಅಥವಾ ಖಾತೆ ನಿಷ್ಕ್ರಿಯವಾಗಿರಬಹುದು. ಬ್ಯಾಂಕಿನಲ್ಲಿ ಪರಿಶೀಲಿಸಿ, ನಂತರ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಬೇಕು.

11. ತುರ್ತು ದೂರವಾಣಿ ಸಂಖ್ಯೆಗಳು

- ತುರ್ತು ಸೇವೆ (ಪೊಲೀಸ್, ಅಗ್ನಿಶಾಮಕ): 112
- ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿ: 1077
- ರಾಜ್ಯ ನಿಯಂತ್ರಣ ಕೊಠಡಿ: 1070
- ಆಂಬುಲೆನ್ಸ್: 108
- ಆರೋಗ್ಯ ಸಹಾಯವಾಣಿ: 104
- ಪಶು ಸಹಾಯವಾಣಿ: 1962
- ವಿದ್ಯುತ್ ದೂರು: 1912

ವಿ.ಸೂ.: ಈ ಪುಟದ ದರಗಳನ್ನು ಮಾಹಿತಿಗಾಗಿ ಮಾತ್ರ ನೀಡಲಾಗಿದೆ. ಸರ್ಕಾರದ ಆದೇಶವೇ ಅಂತಿಮ. ಈ ಮಾಹಿತಿಯನ್ನು ಓದಲು ಬಾರದ ನೆರೆಹೊರೆಯವರಿಗೂ ಓದಿ ತಿಳಿಸಲು ಹಾಗೂ ಗ್ರಾಮ ಪಂಚಾಯಿತಿ, ಶಾಲೆ ಮತ್ತು ಹಾಲಿನ ಡೇರಿಗಳ ಸೂಚನಾ ಫಲಕದಲ್ಲಿ ಪ್ರಕಟಿಸಲು ಕೋರಲಾಗಿದೆ.